ಲೇಬಲ್ ಪ್ರಿಂಟರ್‌ಗೆ ವೈರ್‌ಲೆಸ್ಸೇ ಆಗಬೇಕಾ?

ಸಂಪಾದಕರೇ, ನಮಸ್ಕಾರ.

ಸಣ್ಣ ವ್ಯಾಪಾರಿಗಳು ಲೇಬಲ್ ಪ್ರಿಂಟರ್ ಕೊಳ್ಳುವಾಗ ಏನೇನು ನೋಡಬೇಕು ಎಂದು ನಿಮ್ಮ ಪತ್ರಿಕೆಯಲ್ಲಿ ಬಂದ ಬರಹ ಓದಿದೆ. ಬರಹ ಚೆನ್ನಾಗಿತ್ತು, ಇಲ್ಲ ಅನ್ನುವುದಿಲ್ಲ. ಎಷ್ಟು ಡಿಪಿಐ (ಒಂದು ಇಂಚಿಗೆ ಎಷ್ಟು ಚುಕ್ಕಿ) ಇರಬೇಕು, ಸೆಕೆಂಡಿಗೆ ಎಷ್ಟು ಇಂಚು ಓಡಬೇಕು, ರಿಬ್ಬನ್ ಹಾಕುವ ಪ್ರಿಂಟರೋ ಬರೀ ಬಿಸಿಗೆ ಕಪ್ಪಾಗುವ ಕಾಗದದ್ದೋ, ಎಲ್ಲ ವಿವರವಾಗಿ ಬರೆದಿದ್ದರು. ಆದರೆ ಪ್ರಿಂಟರನ್ನು ಕಂಪ್ಯೂಟರಿಗೋ ಫೋನಿಗೋ ಜೋಡಿಸುವ ವಿಚಾರಕ್ಕೆ ಸಿಕ್ಕಿದ್ದು ಒಂದೇ ಸಾಲು. ಸಾಧ್ಯವಾದರೆ ವೈರ್‌ಲೆಸ್ ಮಾಡೆಲ್ ತೆಗೆದುಕೊಳ್ಳಿ, ಅನುಕೂಲ ಜಾಸ್ತಿ, ಅಂತ. ಆ ಒಂದು ಸಾಲಿಗೆ ಈ ಪತ್ರ. ಉದ್ದವಾಯಿತು ಅನಿಸಿದರೆ ಕತ್ತರಿ ನಿಮ್ಮ ಕೈಯಲ್ಲೇ ಇದೆ.

ನಾನು ಪ್ಯಾಕಿಂಗ್ ಮೇಜು, ಗೋದಾಮು, ಬಿಲ್ಲಿಂಗ್ ಕೌಂಟರ್‌ಗಳಲ್ಲಿ ಇಂಥ ಪ್ರಿಂಟರ್ ಜೋಡಿಸಿಕೊಡುವ, ನಿಂತುಹೋದಾಗ ಹೋಗಿ ನೋಡುವ ಕೆಲಸದವನು. ನನಗೆ ಬರುವ ಫೋನ್‌ಗಳಲ್ಲಿ ಅಚ್ಚು ಹಾಕುವ ಹೆಡ್ ಹೋಯಿತು, ರೋಲರ್ ಸವೆಯಿತು ಅನ್ನುವುದು ಕಡಿಮೆ. 'ನಿನ್ನೆ ಸಂಜೆವರೆಗೂ ಬರ್ತಿತ್ತು ಸರ್, ಬೆಳಿಗ್ಗೆಯಿಂದ ಆಫ್‌ಲೈನ್ ಅಂತಿದೆ' ಅನ್ನುವುದೇ ಜಾಸ್ತಿ. ಹೋಗಿ ನೋಡಿದರೆ ಪ್ರಿಂಟರ್ ಗಟ್ಟಿಮುಟ್ಟಾಗಿಯೇ ಇರುತ್ತದೆ. ಲೇಬಲ್ ಅದರ ತನಕ ತಲುಪುತ್ತಿರುವುದಿಲ್ಲ, ಅಷ್ಟೆ. ಆಫೀಸಿನ ಎ4 ಪ್ರಿಂಟರ್ ನಿಂತರೆ ನಾಳೆ ನೋಡೋಣ ಅನ್ನಬಹುದು. ಇಲ್ಲಿ ಹಾಗಲ್ಲ. ಲೇಬಲ್ ಅಂಟಿಸದ ಪೆಟ್ಟಿಗೆ ಹೊರಗೆ ಹೋಗುವುದಿಲ್ಲ, ಪಾರ್ಸೆಲ್ ಗಾಡಿ ಕಾಯುವುದೂ ಇಲ್ಲ. ಅದಕ್ಕೇ ಸಂಪರ್ಕ ಯಾವುದು ಅನ್ನುವುದು ಡಿಪಿಐಗಿಂತ ದೊಡ್ಡ ಪ್ರಶ್ನೆ ಅಂತ ನನ್ನ ವಾದ.

ವೈರ್ ಬೇಕಾ ಬೇಡವಾ ಅನ್ನುವಲ್ಲಿಂದ ಶುರು ಮಾಡಿದರೆ ದಾರಿ ತಪ್ಪುತ್ತದೆ. ಮೊದಲು ಕೇಳಬೇಕಾದ್ದು, ಲೇಬಲ್ ಕಳಿಸುವುದು ಯಾವ ಸಾಧನ? ಒಂದೇ ಕಂಪ್ಯೂಟರಾ, ನಾಲ್ಕಾರು ಕಂಪ್ಯೂಟರಾ, ಫೋನಾ, ತೂಕದ ಯಂತ್ರವಾ? ಆಮೇಲೆ, ಪ್ರಿಂಟರ್ ಒಂದೇ ಕಡೆ ಕೂರುತ್ತದಾ, ಇಲ್ಲಾ ಜನರ ಜೊತೆ ಓಡಾಡುತ್ತದಾ? ಕೊನೆಯದಾಗಿ, ಸಂಪರ್ಕ ಕಡಿದರೆ ಅದನ್ನು ಸರಿಮಾಡಲು ಅಲ್ಲೇ ಇರುವವರಿಗೆ ಆಗುತ್ತದಾ? ಇಷ್ಟು ಗೊತ್ತಾದರೆ ಉತ್ತರ ತಾನಾಗಿ ಬರುತ್ತದೆ. ಬಹಳ ಸಲ ಆ ಉತ್ತರ ಒಂದು ತಂತಿ.

ಮೊದಲು ವೇಗದ ಮಾತು ಮುಗಿಸಿಬಿಡೋಣ, ಯಾಕೆಂದರೆ ಮಾರುವವರು ಅದನ್ನೇ ಹಿಡಿದುಕೊಂಡಿರುತ್ತಾರೆ. ಪಾರ್ಸೆಲ್ ಮೇಲೆ ಅಂಟಿಸುವ 4 ಇಂಚು ಅಗಲ, 6 ಇಂಚು ಉದ್ದದ ಲೇಬಲ್ ತೆಗೆದುಕೊಳ್ಳಿ. 203 ಡಿಪಿಐ ಪ್ರಿಂಟರ್‌ನಲ್ಲಿ ಅದು ಅಡ್ಡಕ್ಕೆ 812, ಉದ್ದಕ್ಕೆ 1218 ಚುಕ್ಕಿ. ಗುಣಿಸಿದರೆ ಹತ್ತಿರ ಹತ್ತಿರ 9.9 ಲಕ್ಷ ಚುಕ್ಕಿ. ಪ್ರತಿ ಚುಕ್ಕಿ ಕಪ್ಪು ಇಲ್ಲವೇ ಬಿಳಿ, ಅಂದರೆ ಒಂದೊಂದು ಬಿಟ್. ಇಡೀ ಲೇಬಲ್ಲನ್ನು ಚಿತ್ರವಾಗಿ ಕಳಿಸಿದರೂ, ಅದೂ ಏನೂ ಕುಗ್ಗಿಸದೆ ಕಳಿಸಿದರೂ, ಸುಮಾರು 124 ಕಿಲೋಬೈಟ್. ಫೋನಿನಲ್ಲಿ ತೆಗೆದ ಒಂದು ಫೋಟೊ ಇದಕ್ಕಿಂತ ಎಷ್ಟೋ ಪಟ್ಟು ದೊಡ್ಡದು. ಯುಎಸ್‌ಬಿ 2.0ರ ಹೈ ಸ್ಪೀಡ್ ಸೆಕೆಂಡಿಗೆ 480 ಮೆಗಾಬಿಟ್. ಅದಕ್ಕೂ ಹಿಂದಿನ ಫುಲ್ ಸ್ಪೀಡ್ ಬರೀ 12 ಮೆಗಾಬಿಟ್. ಆ 12ರಲ್ಲೂ ಈ ಲೇಬಲ್ ಸೆಕೆಂಡಿನ ಸಣ್ಣ ಪಾಲಿನಲ್ಲಿ ದಾಟಿಬಿಡುತ್ತದೆ. ಸೆಕೆಂಡಿಗೆ 6 ಇಂಚು ಓಡುವ ಪ್ರಿಂಟರ್‌ಗೆ ಅದನ್ನು ಅಚ್ಚು ಹಾಕಲು ಒಂದು ಸೆಕೆಂಡ್ ಬೇಕು. ಅಂದರೆ ಕಾಯಿಸುವುದು ಕಾಗದದ ಓಟ, ಕೇಬಲ್ ಅಲ್ಲ. 'ನಮ್ಮದು ಗಿಗಾಬಿಟ್' ಅಂತ ಯಾರಾದರೂ ಹೇಳಿದರೆ ತಲೆ ಆಡಿಸಿ ಮುಂದಿನ ಪ್ರಶ್ನೆ ಕೇಳಿ.

ವೇಗ ನಿಜವಾಗಿ ಕಾಡುವುದು ಯುಎಸ್‌ಬಿಗೂ ಮುಂಚಿನ ಹಳೆಯ ಸೀರಿಯಲ್ ಪೋರ್ಟ್‌ನಲ್ಲಿ. 9600 ಬಾಡ್ ಅಂದರೆ ಇಲ್ಲಿ ಸೆಕೆಂಡಿಗೆ 9600 ಬಿಟ್, ಒಂದೊಂದು ಬೈಟ್‌ಗೆ ಹತ್ತು ಬಿಟ್ ಖರ್ಚು, ಹಾಗಾಗಿ ಸೆಕೆಂಡಿಗೆ ಹೋಗುವುದು 960 ಬೈಟ್. ಅದೇ ಚಿತ್ರದ ಲೇಬಲ್ ಅಲ್ಲಿ ಎರಡು ನಿಮಿಷಕ್ಕಿಂತ ಜಾಸ್ತಿ ತಿನ್ನುತ್ತದೆ. ಆದರೆ ಚಿತ್ರವಾಗಿ ಕಳಿಸಬೇಕು ಅಂತ ಯಾರು ಹೇಳಿದರು? ಜೆಡ್‌ಪಿಎಲ್, ಟಿಎಸ್‌ಪಿಎಲ್ ಥರದ ಪ್ರಿಂಟರ್ ಭಾಷೆಗಳಲ್ಲಿ 'ಇಲ್ಲಿ ಈ ಅಕ್ಷರ ಹಾಕು, ಅಲ್ಲಿ ಈ ಬಾರ್‌ಕೋಡ್ ಬರೆ' ಅಂತ ಬರೀ ಆದೇಶ ಕಳಿಸಬಹುದು. ಬಾರ್‌ಕೋಡ್‌ನ ಗೆರೆಗಳನ್ನು ಪ್ರಿಂಟರೇ ಎಳೆದುಕೊಳ್ಳುತ್ತದೆ. ಆಗ ಒಂದು ಸಾದಾ ಲೇಬಲ್ ಕೆಲವು ನೂರು ಬೈಟ್‌ಗಳಲ್ಲಿ ಮುಗಿಯುತ್ತದೆ. 9600 ಬಾಡ್ ಕೂಡ ಸಾಕು. ಗೆರೆಗಳೂ ಚಿತ್ರಕ್ಕಿಂತ ಚೊಕ್ಕವಾಗಿ ಬರುತ್ತವೆ, ಸ್ಕ್ಯಾನರ್ ತಕರಾರು ಮಾಡುವುದಿಲ್ಲ. ಇಷ್ಟು ಸಾಕು ವೇಗದ ಬಗ್ಗೆ.

ಈಗ ಯುಎಸ್‌ಬಿ. ಒಂದು ಕಂಪ್ಯೂಟರ್, ಅದರ ಪಕ್ಕದಲ್ಲೇ ಒಂದು ಪ್ರಿಂಟರ್, ಕೂತು ಲೇಬಲ್ ತೆಗೆಯುವವರು ಒಬ್ಬರು. ಇದಕ್ಕೆ ಯುಎಸ್‌ಬಿ ಬಿಟ್ಟು ಬೇರೆ ಯಾವುದನ್ನೂ ಯೋಚಿಸಬೇಡಿ. ಪಾಸ್‌ವರ್ಡ್ ಇಲ್ಲ, ಐಪಿ ವಿಳಾಸ (ನೆಟ್‌ವರ್ಕ್‌ನಲ್ಲಿ ಸಾಧನವನ್ನು ಗುರುತಿಸುವ ನಂಬರ್) ಇಲ್ಲ, ರೂಟರ್ ಸತ್ತರೂ ಲೇಬಲ್ ಬರುತ್ತದೆ. ಕೇಬಲ್ ಹಾಳಾದರೆ ಇನ್ನೊಂದು ಚುಚ್ಚಿದರಾಯಿತು. ಹೆಚ್ಚಿನ ಮೇಜಿನ ಪ್ರಿಂಟರ್‌ಗಳಲ್ಲಿ ಇರುವುದು ಆ ಚೌಕಾಕಾರದ ಬಿ ಪೋರ್ಟ್, ಒಂದು ಕೇಬಲ್ ಡ್ರಾಯರ್‌ನಲ್ಲಿ ಹೆಚ್ಚುವರಿ ಇಟ್ಟುಕೊಂಡರೆ ಮುಗಿಯಿತು. ಆದರೆ ಉದ್ದದ ಮಿತಿ ಇದೆ. ಯುಎಸ್‌ಬಿ 2.0 ಕೇಬಲ್ 5 ಮೀಟರ್ ದಾಟಬಾರದು. ಎರಡು ಕೇಬಲ್‌ಗೆ ಗಂಟು ಹಾಕಿದ ಹಾಗೆ ಎಕ್ಸ್‌ಟೆನ್ಷನ್ ಸೇರಿಸಿ ಗೋಡೆಯಾಚೆ ಒಯ್ಯುವವರನ್ನು ನೋಡಿದ್ದೇನೆ. ಒಂದು ದಿನ ಬರುತ್ತದೆ, ಒಂದು ದಿನ ಅರ್ಧ ಲೇಬಲ್ ಬಂದು ನಿಲ್ಲುತ್ತದೆ, ಆಮೇಲೆ ಪ್ರಿಂಟರ್ ಸರಿಯಿಲ್ಲ ಅಂತ ಬೈಗುಳ.

ಯುಎಸ್‌ಬಿಯ ಇನ್ನೊಂದು ಕಿರಿಕಿರಿ ವಿಂಡೋಸ್‌ನಲ್ಲಿ. ನೆಲ ಒರೆಸುವಾಗ ಯಾರೋ ಕೇಬಲ್ ಕಿತ್ತು ಬೇರೆ ಪೋರ್ಟ್‌ಗೆ ಚುಚ್ಚುತ್ತಾರೆ. ಪ್ರಿಂಟರ್ ತನ್ನ ಸೀರಿಯಲ್ ನಂಬರ್ ಹೇಳಿಕೊಳ್ಳದ ಜಾತಿಯದಾದರೆ ವಿಂಡೋಸ್ ಅದನ್ನು ಹೊಸ ಪ್ರಿಂಟರ್ ಅಂದುಕೊಂಡು ಅದೇ ಹೆಸರಿನ ಮುಂದೆ 'ಕಾಪಿ 1' ಅಂತ ಸೇರಿಸಿ ಇನ್ನೊಂದನ್ನು ಹುಟ್ಟಿಸುತ್ತದೆ. ಸಾಫ್ಟ್‌ವೇರ್ ಮಾತ್ರ ಹಳೆಯ ಹೆಸರಿಗೇ ಕಳಿಸುತ್ತಿರುತ್ತದೆ. ಅದಕ್ಕೆ ಔಷಧ ಏನೂ ದೊಡ್ಡದಲ್ಲ. ಪೋರ್ಟ್‌ನ ಪಕ್ಕ ಒಂದು ಲೇಬಲ್ ಅಂಟಿಸಿ, 'ಇದು ಪ್ರಿಂಟರ್‌ದು' ಅಂತ. ಲೇಬಲ್‌ಗೇನು ಬರವೇ?

ಸರಿ, ಎರಡನೆಯ ಕಂಪ್ಯೂಟರ್ ಬಂತು. ಆಗ ಎಲ್ಲರೂ ಮಾಡುವುದು ಮೊದಲ ಕಂಪ್ಯೂಟರ್‌ನಿಂದ ಪ್ರಿಂಟರನ್ನು ಶೇರ್ ಮಾಡುವುದು. ಖರ್ಚಿಲ್ಲ, ಸುಲಭ. ನನಗೆ ಮಾತ್ರ ಇಡೀ ವಿಷಯದಲ್ಲಿ ಅತ್ಯಂತ ಇಷ್ಟವಿಲ್ಲದ್ದು ಇದೇ. ಮೊದಲ ಕಂಪ್ಯೂಟರ್ ಆಫ್ ಆದರೆ ಎಲ್ಲರ ಲೇಬಲ್ಲೂ ಬಂದ್. ಅದು ಅಪ್‌ಡೇಟ್ ಆಗಿ ರೀಸ್ಟಾರ್ಟ್ ಆಗುತ್ತಿದ್ದರೆ ಎಲ್ಲರೂ ಕೈಕಟ್ಟಿ ಕೂರಬೇಕು. 2021ರಲ್ಲಿ ಪ್ರಿಂಟ್ ಕೆಲಸಗಳನ್ನು ಸಾಲಿನಲ್ಲಿಟ್ಟು ಕಳಿಸುವ ವಿಂಡೋಸ್‌ನ ಪ್ರಿಂಟ್ ಸ್ಪೂಲರ್‌ನಲ್ಲಿ ಪ್ರಿಂಟ್‌ನೈಟ್‌ಮೇರ್ ಅನ್ನುವ ದೊಡ್ಡ ದೋಷ ಸಿಕ್ಕಿತು. ಅದನ್ನು ಮುಚ್ಚಲು ಆ ವರ್ಷ ಜುಲೈಯಿಂದ ಒಂದರ ಹಿಂದೊಂದು ಅಪ್‌ಡೇಟ್ ಬಂದವು. ದೋಷ ಮುಚ್ಚಬೇಕಾದ್ದೇ, ಅದರಲ್ಲಿ ತಪ್ಪಿಲ್ಲ. ಆದರೆ ಆ ಬದಲಾವಣೆಗಳಿಂದ ಶೇರ್ ಮಾಡಿದ ಪ್ರಿಂಟರ್‌ಗೆ ಡ್ರೈವರ್ ಸಾಫ್ಟ್‌ವೇರ್ ಹಾಕಲು ಅಡ್ಮಿನ್ ಹಕ್ಕು ಬೇಕಾಯಿತು. ಸೆಪ್ಟೆಂಬರ್‌ನ ಅಪ್‌ಡೇಟ್ ಆದ ಮೇಲೆ ಎಷ್ಟೋ ಕಡೆ 0x0000011b ಅನ್ನುವ ಎರರ್ ಬಂದು ಶೇರ್ ಪ್ರಿಂಟರ್ ತೆರೆಯಲೇ ಇಲ್ಲ. ಪ್ರಿಂಟರ್‌ನದೂ ತಪ್ಪಲ್ಲ, ಕೇಬಲ್‌ದೂ ಅಲ್ಲ. ನಡುವೆ ಇನ್ನೊಬ್ಬರ ಕಂಪ್ಯೂಟರ್ ಇತ್ತಲ್ಲ, ಅದರ ಫಲ.

ಹಾಗಾಗಿ ಎರಡನೆಯ ಕಂಪ್ಯೂಟರ್ ಬರುವ ಸೂಚನೆ ಇದ್ದರೆ ಮೊದಲೇ ಈಥರ್ನೆಟ್ ಪೋರ್ಟ್ (ನೆಟ್‌ವರ್ಕ್ ಕೇಬಲ್ ಚುಚ್ಚುವ ಕಿಂಡಿ) ಇರುವ ಮಾಡೆಲ್ ತೆಗೆದುಕೊಳ್ಳಿ. ನಾನು ಈ ಪತ್ರ ಬರೆಯುತ್ತಿರುವುದೇ ಮುಖ್ಯವಾಗಿ ಇದನ್ನು ಹೇಳಲು. ಜಾಹೀರಾತಿನಲ್ಲಿ ವೈ-ಫೈ ದೊಡ್ಡ ಅಕ್ಷರದಲ್ಲಿ ಇರುತ್ತದೆ, ಈಥರ್ನೆಟ್ ಎಲ್ಲೋ ಮೂಲೆಯಲ್ಲಿ. ಆದರೆ ಕೂತಲ್ಲೇ ಕೂರುವ, ಹಲವರು ಬಳಸುವ ಪ್ರಿಂಟರ್‌ಗೆ ಅದಕ್ಕಿಂತ ನೆಮ್ಮದಿ ಬೇರೆ ಇಲ್ಲ. ಒಂದು ಕೇಬಲ್ ಓಟ 100 ಮೀಟರ್ ತನಕ ಹೋಗಬಹುದು. ಪ್ರಿಂಟರ್ ಯಾವ ಕಂಪ್ಯೂಟರಿಗೂ ಸೇರಿದ್ದಲ್ಲ, ಸ್ವಿಚ್‌ಗೋ ರೂಟರ್‌ಗೋ ನೇರ ಸೇರಿರುತ್ತದೆ. ಒಂದು ಕಂಪ್ಯೂಟರ್ ಕೆಟ್ಟರೆ ಇನ್ನೊಂದರಿಂದ ತೆಗೆಯಬಹುದು. ವೈ-ಫೈ ಇರುವ ಫೋನ್, ಟ್ಯಾಬ್‌ಗಳೂ ಅದೇ ರೂಟರ್ ಮೂಲಕ ಈ ತಂತಿಯ ಪ್ರಿಂಟರ್‌ಗೆ ಲೇಬಲ್ ಕಳಿಸಬಹುದು. ಇದು ಬಹಳ ಜನಕ್ಕೆ ಹೊಳೆಯುವುದೇ ಇಲ್ಲ. ಫೋನಿನಿಂದ ಪ್ರಿಂಟ್ ಬೇಕು ಅಂದ ಮಾತ್ರಕ್ಕೆ ಪ್ರಿಂಟರ್‌ಗೂ ವೈ-ಫೈ ಬೇಕು ಅಂತೇನಿಲ್ಲ.

ಈಥರ್ನೆಟ್‌ಗೂ ಒಂದು ಶಿಸ್ತು ಬೇಕು, ಅದನ್ನು ಮರೆಯಬಾರದು. ರೂಟರ್ ಪ್ರಿಂಟರ್‌ಗೆ ತಾನಾಗಿ ಒಂದು ಐಪಿ ವಿಳಾಸ ಕೊಡುತ್ತದೆ. ಆ ವಿಳಾಸ ಕಾಯಂ ಅಲ್ಲ. ವಾರಾಂತ್ಯದಲ್ಲಿ ಎಲ್ಲ ಆಫ್ ಮಾಡಿ ಬಂದು ಸೋಮವಾರ ಆನ್ ಮಾಡಿದಾಗ ಪ್ರಿಂಟರ್‌ಗೆ ಬೇರೆ ವಿಳಾಸ ಸಿಕ್ಕಿರಬಹುದು. ಕಂಪ್ಯೂಟರ್‌ಗಳು ಹಳೆಯದಕ್ಕೇ ಕಳಿಸುತ್ತಿರುತ್ತವೆ. ಆಗ ಬರುತ್ತದೆ ನೋಡಿ ಆ ಆಫ್‌ಲೈನ್. ಇದಕ್ಕೆ ರೂಟರ್‌ನ ಒಳಗೇ ಹೋಗಿ ಈ ಪ್ರಿಂಟರ್‌ಗೆ ಯಾವಾಗಲೂ ಇದೇ ವಿಳಾಸ ಅಂತ ಕಾದಿರಿಸಬೇಕು. ಡಿಎಚ್‌ಸಿಪಿ ರಿಸರ್ವೇಶನ್ ಅನ್ನುತ್ತಾರೆ ಅದಕ್ಕೆ. ಪ್ರಿಂಟರ್‌ನ ಒಳಗೇ ವಿಳಾಸ ಬರೆದಿಡುವುದೂ ಒಂದು ದಾರಿ. ಆದರೆ ಇಂಟರ್ನೆಟ್ ಕೊಡುವವರು ಒಂದು ದಿನ ರೂಟರ್ ಬದಲಿಸಿದರೆ, 192.168.0 ಇದ್ದದ್ದು 192.168.1 ಆಗಿಬಿಟ್ಟರೆ, ಪ್ರಿಂಟರ್ ಹಳೆಯ ವಿಳಾಸದಲ್ಲೇ ಒಂಟಿಯಾಗಿ ಕೂತಿರುತ್ತದೆ. ರಿಸರ್ವೇಶನ್ ಆದರೆ ಹೊಸ ರೂಟರ್‌ನಲ್ಲಿ ಮತ್ತೆ ಬರೆದು, ಕಂಪ್ಯೂಟರ್‌ಗಳಲ್ಲೂ ಹೊಸ ವಿಳಾಸ ಹಾಕಬೇಕು ನಿಜ, ಆದರೆ ಪ್ರಿಂಟರ್ ಕಡೇಪಕ್ಷ ಹೊಸ ನೆಟ್‌ವರ್ಕ್‌ಗೆ ಬಂದು ಸೇರಿರುತ್ತದೆ, ಹುಡುಕಿದರೆ ಸಿಗುತ್ತದೆ. ನನ್ನ ಒಲವು ಅದರ ಕಡೆಗೇ.

ವಿಂಡೋಸ್‌ನಲ್ಲಿ ಜೋಡಿಸುವಾಗಲೂ ಒಂದು ಮಾತು. ತಾನಾಗಿ ಹುಡುಕಿ ಜೋಡಿಸಲು ಬಿಟ್ಟರೆ ಅದು ಎಷ್ಟೋ ಸಲ ಡಬ್ಲ್ಯುಎಸ್‌ಡಿ ಅನ್ನುವ ಪೋರ್ಟ್ ಮಾಡಿಕೊಳ್ಳುತ್ತದೆ (ಇಲ್ಲಿ ಪೋರ್ಟ್ ಅಂದರೆ ಕಿಂಡಿಯಲ್ಲ, ಪ್ರಿಂಟರ್ ತಲುಪಲು ವಿಂಡೋಸ್ ಬರೆದಿಟ್ಟುಕೊಳ್ಳುವ ದಾರಿ). ಅದು ಆಗಾಗ ಪ್ರಿಂಟರ್ ಕಳೆದುಹೋಯಿತು ಅನ್ನುತ್ತದೆ. ಅದರ ಬದಲು ನೀವೇ ಸ್ಟ್ಯಾಂಡರ್ಡ್ ಟಿಸಿಪಿ-ಐಪಿ ಪೋರ್ಟ್ ಮಾಡಿ, ವಿಳಾಸ ಬರೆದು, ರಾ (Raw) ಅಂತ ಆರಿಸಿ, ಪೋರ್ಟ್ ನಂಬರ್ 9100 ಕೊಡಿ. ಅದೇ ಪುಟದಲ್ಲಿ ಎಸ್‌ಎನ್‌ಎಂಪಿ ಸ್ಟೇಟಸ್ ಅಂತ ಒಂದು ಟಿಕ್ ಇರುತ್ತದೆ, ಅಂದರೆ 'ಹೇಗಿದ್ದೀಯ' ಅಂತ ವಿಂಡೋಸ್ ಪ್ರಿಂಟರನ್ನು ಕೇಳುವ ವ್ಯವಸ್ಥೆ. ಪ್ರಿಂಟರ್ ಆ ಪ್ರಶ್ನೆಗೆ ಉತ್ತರಿಸದಿದ್ದರೆ ವಿಂಡೋಸ್ ಅದನ್ನು ಆಫ್‌ಲೈನ್ ಅಂತ ಘೋಷಿಸಿಬಿಡುತ್ತದೆ, ಪ್ರಿಂಟರ್ ಎದುರಿಗೇ ಹಸಿರು ದೀಪ ಉರಿಸಿಕೊಂಡು ಕೂತಿದ್ದರೂ. ಆ ಟಿಕ್ ತೆಗೆದರೆ ಅರ್ಧ ತಲೆನೋವು ಹೋಗುತ್ತದೆ. ಇನ್ನೊಂದು, ಬಹುತೇಕ ಲೇಬಲ್ ಪ್ರಿಂಟರ್‌ಗಳು ತಮ್ಮ ವಿವರವನ್ನು ತಾವೇ ಒಂದು ಲೇಬಲ್ ಮೇಲೆ ಅಚ್ಚು ಹಾಕಿ ಕೊಡುತ್ತವೆ. ಫೀಡ್ ಬಟನ್ ಒತ್ತಿ ಹಿಡಿದೋ, ಒತ್ತಿಕೊಂಡೇ ಆನ್ ಮಾಡಿಯೋ, ಮಾಡೆಲ್‌ಗೆ ತಕ್ಕ ಹಾಗೆ. ನೆಟ್‌ವರ್ಕ್ ಪ್ರಿಂಟರ್ ಆದರೆ ಐಪಿ ವಿಳಾಸವೂ ಅದರಲ್ಲಿ ಸಿಗುತ್ತದೆ. ಜೋಡಿಸಿದ ದಿನವೇ ಅದನ್ನು ತೆಗೆದು ಪ್ರಿಂಟರ್‌ನ ಮೈಗೇ ಅಂಟಿಸಿ. ಮುಂದೆ ನನ್ನಂಥವನು ಬಂದಾಗ ಮನಸಾರೆ ಹರಸುತ್ತಾನೆ.

9100ರ ಬಗ್ಗೆ ಎಚ್ಚರಿಕೆಯನ್ನೂ ಹೇಳಲೇಬೇಕು. ಈ ಪೋರ್ಟ್ ಪಾಸ್‌ವರ್ಡ್ ಕೇಳುವುದಿಲ್ಲ. ಬಂದದ್ದನ್ನು ಅಚ್ಚು ಹಾಕುತ್ತದೆ, ಅಷ್ಟೆ. ಒಳಗಿನ ನೆಟ್‌ವರ್ಕ್‌ನಲ್ಲಿ ಅದೇ ಅದರ ಗುಣ. ಆದರೆ ಮನೆಯಿಂದಲೂ ಪ್ರಿಂಟ್ ಕೊಡೋಣ ಅಂತ ರೂಟರ್‌ನಲ್ಲಿ ಆ ಪೋರ್ಟನ್ನು ಹೊರಗಿನ ಇಂಟರ್ನೆಟ್‌ಗೆ ತೆರೆದಿಟ್ಟರೆ ಕಥೆ ಮುಗಿಯಿತು. 2018ರ ನವೆಂಬರ್‌ನಲ್ಲಿ ಒಬ್ಬ ಹ್ಯಾಕರ್ ಹೀಗೆ ತೆರೆದಿದ್ದ ಪ್ರಿಂಟರ್‌ಗಳನ್ನು ಹುಡುಕಿ, ಪ್ಯೂಡಿಪೈ ಅನ್ನುವ ಯೂಟ್ಯೂಬರ್‌ನ ಚಾನೆಲ್ ಸಬ್‌ಸ್ಕ್ರೈಬ್ ಮಾಡಿ ಅಂತ ಹಾಳೆ ಹಾಳೆ ಅಚ್ಚು ಹಾಕಿಸಿದ. ಸುಮಾರು 50,000 ಪ್ರಿಂಟರ್‌ಗೆ ಕಳಿಸಿದೆ ಅಂತ ಅವನೇ ಹೇಳಿಕೊಂಡ. ಅದೇನೋ ತಮಾಷೆ ಅನ್ನಬಹುದು. ನಿಮ್ಮ ಲೇಬಲ್ ಮೇಲೆ ಗಿರಾಕಿಗಳ ಹೆಸರು, ವಿಳಾಸ, ಫೋನ್ ನಂಬರ್ ಇರುತ್ತದೆ ಅನ್ನುವುದು ತಮಾಷೆ ಅಲ್ಲ, ಅಲ್ವಾ?

ಈಗ ವೈ-ಫೈ. ಇದು ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಕೇಬಲ್ ಎಳೆಯಲು ಆಗದ ಬಾಡಿಗೆ ಕಟ್ಟಡ, ಇವತ್ತು ಇಲ್ಲಿ ನಾಳೆ ಅಲ್ಲಿ ಸರಿಯುವ ಪ್ಯಾಕಿಂಗ್ ಮೇಜು, ಬ್ಯಾಟರಿ ಜೊತೆ ಟ್ರಾಲಿ ಮೇಲೆ ಕೂತು ರ‍್ಯಾಕ್‌ಗಳ ನಡುವೆ ಓಡಾಡುವ ಪ್ರಿಂಟರ್, ಇಂಥ ಕಡೆ ಅದೇ ಬೇಕು. ಆದರೆ ವೈ-ಫೈ ಅಂತ ಡಬ್ಬದ ಮೇಲೆ ಬರೆದಿದ್ದರೆ ಅದರ ಹಿಂದೆ ಹತ್ತು ಪ್ರಶ್ನೆ ಅಡಗಿರುತ್ತವೆ. ಮೊದಲನೆಯದು, 2.4 ಗಿಗಾಹರ್ಟ್ಸ್ ರೇಡಿಯೊ ಬ್ಯಾಂಡ್ ಮಾತ್ರವೋ, 5 ಕೂಡ ಇದೆಯೋ? ಎಷ್ಟೋ ಪ್ರಿಂಟರ್‌ಗಳಲ್ಲಿ ಬರೀ 2.4. ಅದು ತಪ್ಪೇನಲ್ಲ, ಗೋಡೆ ದಾಟುವುದರಲ್ಲಿ 2.4 ವಾಸಿ. ಆದರೆ ಆ ಬ್ಯಾಂಡ್‌ನಲ್ಲಿ ಒಂದಕ್ಕೊಂದು ಅಡ್ಡ ಬರದ ಚಾನೆಲ್ ಇರುವುದೇ ಮೂರು: 1, 6, 11. ಅಕ್ಕಪಕ್ಕದವರೆಲ್ಲ ಅದೇ ಮೂರರಲ್ಲಿ ತುಂಬಿಕೊಂಡಿರುತ್ತಾರೆ. ಬ್ಲೂಟೂತ್ ಅಲ್ಲೇ, ಮೈಕ್ರೋವೇವ್ ಒಲೆಯ ಸೋರಿಕೆಯೂ ಅಲ್ಲೇ. ಮಧ್ಯಾಹ್ನ ಊಟದ ಹೊತ್ತಿಗೆ ಮಾತ್ರ ಪ್ರಿಂಟರ್ ತಡವರಿಸುತ್ತದೆ ಅಂತ ಯಾರಾದರೂ ದೂರಿದರೆ ನಗಬೇಡಿ, ಒಲೆ ಎಲ್ಲಿದೆ ಅಂತ ನೋಡಿ. ಕಬ್ಬಿಣದ ರ‍್ಯಾಕ್‌ಗಳು ಇನ್ನೊಂದು ಶತ್ರು. ಖಾಲಿ ಗೋದಾಮಿನಲ್ಲಿ ಪರೀಕ್ಷೆ ಮಾಡಿದಾಗ ಬಂದ ಸಿಗ್ನಲ್ ಸರಕು ತುಂಬಿದ ಮೇಲೆ ಇರುವುದಿಲ್ಲ.

ಎರಡನೆಯ ಪ್ರಶ್ನೆ ಬೀಗದ್ದು. ಹೊಸ ರೂಟರ್‌ಗಳಲ್ಲಿ ಡಬ್ಲ್ಯುಪಿಎ3 ಅನ್ನುವ ವೈ-ಫೈ ಸುರಕ್ಷೆ ಬಂದಿದೆ. ಅದು ಬಂದದ್ದೇ 2018ರಲ್ಲಿ. ಹಳೆಯ ಪ್ರಿಂಟರ್‌ಗೆ ಡಬ್ಲ್ಯುಪಿಎ2 ಬಿಟ್ಟು ಬೇರೆ ಗೊತ್ತಿಲ್ಲ. ರೂಟರ್‌ನಲ್ಲಿ ಬರೀ 3 ಇಟ್ಟರೆ ಪ್ರಿಂಟರ್ ಆ ನೆಟ್‌ವರ್ಕ್‌ಗೆ ಸೇರಲು ಆಗುವುದಿಲ್ಲ. ಎರಡನ್ನೂ ಒಪ್ಪುವ ಮಿಶ್ರ ಸೆಟ್ಟಿಂಗ್ ಹಾಕಬೇಕು. ಪ್ರತಿಯೊಬ್ಬರಿಗೂ ಬೇರೆ ಬೇರೆ ಲಾಗಿನ್ ಇರುವ ಕಂಪನಿ ನೆಟ್‌ವರ್ಕ್ ಆದರೆ ಎಂಟರ್‌ಪ್ರೈಸ್ ಥರದ ಲಾಗಿನ್ ಬಲ್ಲ ಪ್ರಿಂಟರೇ ಬೇಕು, ಅಗ್ಗದ ಮಾಡೆಲ್‌ಗಳಲ್ಲಿ ಅದು ಸಾಮಾನ್ಯವಾಗಿ ಇರುವುದಿಲ್ಲ. ಬ್ರೌಸರ್ ತೆರೆದು ಒಪ್ಪಿಗೆ ಒತ್ತಬೇಕಾದ ವೈ-ಫೈ ಇರುತ್ತದಲ್ಲ, ಅಲ್ಲಂತೂ ಸಾಧ್ಯವೇ ಇಲ್ಲ. ಪ್ರಿಂಟರ್‌ಗೆ ಬ್ರೌಸರ್ ಎಲ್ಲಿದೆ?

ಮೂರನೆಯದು ಎಲ್ಲಕ್ಕಿಂತ ಕಾಡುವಂಥದು. ಪ್ರಿಂಟರ್ ವೈ-ಫೈಗೆ ಸೇರಿದೆ, ಫೋನೂ ಸೇರಿದೆ, ಎರಡಕ್ಕೂ ಪೂರ್ತಿ ಸಿಗ್ನಲ್, ಆದರೂ ಒಂದಕ್ಕೊಂದು ಕಾಣುವುದಿಲ್ಲ. ಬಹಳ ಸಲ ಕಾರಣ ಗೆಸ್ಟ್ ನೆಟ್‌ವರ್ಕ್. ಅದರಲ್ಲಿ ಒಬ್ಬರ ಸಾಧನ ಇನ್ನೊಬ್ಬರದನ್ನು ಮುಟ್ಟದ ಹಾಗೆ ಬೇಕೆಂದೇ ಗೋಡೆ ಕಟ್ಟಿರುತ್ತಾರೆ. ಕ್ಲೈಂಟ್ ಐಸೊಲೇಶನ್ ಅಂತ ಅದರ ಹೆಸರು. ಒಳ್ಳೆಯ ಉದ್ದೇಶದ್ದೇ. ಪ್ರಿಂಟರನ್ನು ಅಲ್ಲಿಂದ ತೆಗೆದು ಮುಖ್ಯ ನೆಟ್‌ವರ್ಕ್‌ಗೆ ಹಾಕಿದರೆ ಸರಿಹೋಗುತ್ತದೆ. ಆದರೆ ಇದು ತಿಳಿಯದೆ ಪ್ರಿಂಟರ್ ವಾಪಸ್ ಕಳಿಸಿದವರು ಎಷ್ಟು ಜನರೋ.

ಪಾಸ್‌ವರ್ಡ್ ಬದಲಿಸಿದ ದಿನದ ಬಗ್ಗೆಯೂ ಯೋಚಿಸಿ. ಕೆಲಸ ಬಿಟ್ಟು ಹೋದವರು ಇದ್ದರೆ ವೈ-ಫೈ ಪಾಸ್‌ವರ್ಡ್ ಬದಲಿಸುವುದು ಒಳ್ಳೆಯ ಅಭ್ಯಾಸ. ಫೋನ್, ಲ್ಯಾಪ್‌ಟಾಪ್‌ಗಳಲ್ಲಿ ಹೊಸದನ್ನು ಟೈಪ್ ಮಾಡಿದರಾಯಿತು. ಹೆಚ್ಚಿನ ಲೇಬಲ್ ಪ್ರಿಂಟರ್‌ಗಳಿಗೆ ಪರದೆಯೂ ಇಲ್ಲ, ಕೀಬೋರ್ಡೂ ಇಲ್ಲ. ಯುಎಸ್‌ಬಿ ಕೇಬಲ್ ಹಾಕಿ, ತಯಾರಕರ ಸೆಟಪ್ ಪ್ರೋಗ್ರಾಂ ತೆರೆದು, ಮತ್ತೆ ಬರೆಯಬೇಕು. ಒಂದಾದರೆ ಪರವಾಗಿಲ್ಲ. ಹತ್ತಿದ್ದರೆ ಆ ದಿನ ಬೇರೆ ಕೆಲಸ ಇಟ್ಟುಕೊಳ್ಳಬೇಡಿ. ಅಂದಹಾಗೆ, ಇದಕ್ಕೇ ನಾನು ವೈ-ಫೈ ಪ್ರಿಂಟರ್ ತೆಗೆದುಕೊಂಡರೂ ಯುಎಸ್‌ಬಿ ಪೋರ್ಟ್ ಇರುವುದನ್ನೇ ತೆಗೆದುಕೊಳ್ಳಿ ಅನ್ನುವುದು. ಆ ಪೋರ್ಟ್ ಇದ್ದರೆ ವೈ-ಫೈ ಕೈಕೊಟ್ಟ ದಿನ ಕೇಬಲ್ ಚುಚ್ಚಿ ಕೆಲಸ ಮುಂದುವರಿಸಬಹುದು.

ಬ್ಲೂಟೂತ್‌ನ ಜಾಗ ಬೇರೆ. ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಾಡುವ ಪುಟ್ಟ ಪ್ರಿಂಟರ್, ಕೈಯಲ್ಲಿ ಒಂದು ಫೋನ್ ಇಲ್ಲಾ ಸ್ಕ್ಯಾನರ್, ಶೆಲ್ಫ್ ಮುಂದೆ ನಿಂತು ಬೆಲೆ ಚೀಟಿ ತೆಗೆಯುವ ಕೆಲಸ. ಅಲ್ಲಿ ರೂಟರ್ ಬೇಡ, ನೆಟ್‌ವರ್ಕ್ ಬೇಡ, ಒಬ್ಬರಿಗೆ ಒಂದು ಪ್ರಿಂಟರ್. ಸಾಮಾನ್ಯ ಕ್ಲಾಸ್ 2 ಬ್ಲೂಟೂತ್ ಸುಮಾರು 10 ಮೀಟರ್ ತಲುಪುತ್ತದೆ, ಸೊಂಟದಿಂದ ಕೈಗೆ ಅಷ್ಟು ಯಾಕೆ ಬೇಕು. ಆದರೆ ಇದನ್ನೇ ಕೌಂಟರ್ ಮೇಲೆ ಇಟ್ಟು ನಾಲ್ಕು ಜನ ಹಂಚಿಕೊಳ್ಳಲು ಹೋದರೆ ಜಗಳ ಶುರು. ಹೆಚ್ಚಿನವು ಒಂದು ಹೊತ್ತಿಗೆ ಒಂದೇ ಫೋನಿನ ಜೊತೆ ಮಾತಾಡುತ್ತವೆ. ಮೊದಲಿನವರು ಬಿಡದೆ ಎರಡನೆಯವರಿಗೆ ಸಿಗುವುದಿಲ್ಲ.

ಐಫೋನ್ ಇರುವವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಹಳೆಯ ಕ್ಲಾಸಿಕ್ ಬ್ಲೂಟೂತ್‌ನ ಸೀರಿಯಲ್ ರೀತಿಯಲ್ಲಿ ಮಾತಾಡುವ ಪ್ರಿಂಟರ್ ಆಂಡ್ರಾಯ್ಡ್ ಜೊತೆ ಸಲೀಸಾಗಿ ಕೂಡುತ್ತದೆ. ಐಫೋನ್‌ಗೆ ಅದು ಬೇಕಾದರೆ ಪ್ರಿಂಟರ್‌ಗೆ ಆಪಲ್‌ನ ಎಂಎಫ್‌ಐ ಪರವಾನಗಿ ಇರಬೇಕು. ಕಡಿಮೆ ವಿದ್ಯುತ್ ಬಳಸುವ ಹೊಸ ಬಗೆಯಾದ ಬ್ಲೂಟೂತ್ ಲೋ ಎನರ್ಜಿ ಇದ್ದರೆ ಆ ಕಟ್ಟುಪಾಡು ಇಲ್ಲ, ಆದರೆ ಅದಕ್ಕೆಂದೇ ಬರೆದ ಆ್ಯಪ್ ಬೇಕು. ಡಬ್ಬದ ಮೇಲೆ ಬರೀ ಬ್ಲೂಟೂತ್ ಅಂತ ಇದ್ದರೆ ಯಾವುದು ಅಂತ ಹೇಗೆ ತಿಳಿಯುವುದು? ಕೇಳಲೇಬೇಕು. ಮತ್ತೆ, ಒಂದೇ ಮಾಡೆಲ್‌ನ ಪ್ರಿಂಟರ್ ಐದಾರು ಇದ್ದರೆ ಫೋನಿನ ಪಟ್ಟಿಯಲ್ಲಿ ಎಲ್ಲಕ್ಕೂ ಒಂದೇ ಥರದ ಹೆಸರು ಬರಬಹುದು. ಇವರು ಒತ್ತಿದ ಚೀಟಿ ಅವರ ಸೊಂಟದಲ್ಲಿ ಬರುತ್ತದೆ. ಪ್ರತಿಯೊಂದಕ್ಕೂ ಬೇರೆ ಹೆಸರು ಕೊಟ್ಟು, ಆ ಹೆಸರನ್ನು ಮೈಮೇಲೆ ಅಂಟಿಸುವುದು ಮೊದಲ ದಿನದ ಕೆಲಸ.

ಸೀರಿಯಲ್ ಪೋರ್ಟ್ ಅಂದರೆ ಮ್ಯೂಸಿಯಂ ವಸ್ತು ಅಂತ ನಿಮ್ಮ ಬರಹದವರು ಬಿಟ್ಟಿರಬಹುದು. ಹಾಗಲ್ಲ. ತೂಕದ ಯಂತ್ರ, ಕಾರ್ಖಾನೆಯ ನಿಯಂತ್ರಣ ಪೆಟ್ಟಿಗೆಗಳಲ್ಲಿ ಇವತ್ತಿಗೂ ಆರ್‌ಎಸ್-232 ಅನ್ನುವ ಈ ಸೀರಿಯಲ್ ಸಂಪರ್ಕ ಜೀವಂತ. ತೂಕ ಇಟ್ಟ ತಕ್ಷಣ ಕಂಪ್ಯೂಟರ್ ಇಲ್ಲದೆ ಲೇಬಲ್ ಬರಬೇಕಾದ ಕಡೆ ಅದು ಬೇಕೇ ಬೇಕು. ಎರಡೂ ಕಡೆ ಬಾಡ್ ರೇಟ್ ಒಂದೇ ಇರಲಿ, ಕೇಬಲ್ ನೇರದ್ದೋ ಅಡ್ಡ ಜೋಡಿಸಿದ್ದೋ ಅಂತ ಖಾತ್ರಿ ಮಾಡಿಕೊಳ್ಳಿ, 15 ಮೀಟರ್‌ಗಿಂತ ಉದ್ದ ಎಳೆಯಬೇಡಿ. ಇಷ್ಟಾದರೆ ವರ್ಷಗಟ್ಟಲೆ ಅದರ ಕಡೆ ತಿರುಗಿ ನೋಡಬೇಕಿಲ್ಲ.

ಕ್ಲೌಡ್ ಪ್ರಿಂಟಿಂಗ್ ಬಗ್ಗೆ ನನಗೆ ಅನುಮಾನ ಜಾಸ್ತಿ, ಅದನ್ನು ಮುಚ್ಚಿಡುವುದಿಲ್ಲ. ಎಲ್ಲೋ ಇರುವ ಆರ್ಡರ್ ಸಾಫ್ಟ್‌ವೇರ್‌ನಿಂದ ನೇರ ನಿಮ್ಮ ಮೇಜಿನ ಪ್ರಿಂಟರ್‌ಗೆ ಲೇಬಲ್ ಬರುವುದು ಚಂದವೇ. ಆದರೆ ನಡುವೆ ಕೂತಿರುವ ಸೇವೆ ಎಷ್ಟು ದಿನ ಇರುತ್ತದೆ ಅಂತ ನಿಮ್ಮ ಕೈಯಲ್ಲಿಲ್ಲ. ಗೂಗಲ್ ಕ್ಲೌಡ್ ಪ್ರಿಂಟ್ ಅಂತ ಒಂದಿತ್ತು, ಅದನ್ನೇ ನೆಚ್ಚಿಕೊಂಡವರು ಬಹಳ ಜನ ಇದ್ದರು. 2020ರ ಡಿಸೆಂಬರ್ 31ಕ್ಕೆ ಅದನ್ನು ಮುಚ್ಚಿದರು. ಮೊದಲೇ ತಿಳಿಸಿಯೇ ಮುಚ್ಚಿದರು, ಆದರೂ ಮುಚ್ಚಿದರು. ಇಂಟರ್ನೆಟ್ ನಿಂತ ಹೊತ್ತಿನಲ್ಲಿ ಪಕ್ಕದ ಕಂಪ್ಯೂಟರ್‌ನಿಂದಾದರೂ ಲೇಬಲ್ ತೆಗೆಯಲು ಬರುವ ಪ್ರಿಂಟರ್ ಆದರೆ ಕ್ಲೌಡ್ ಇರಲಿ, ಬೇಡ ಅನ್ನುವುದಿಲ್ಲ. ಕ್ಲೌಡ್ ಬಿಟ್ಟರೆ ಬೇರೆ ದಾರಿಯೇ ಇಲ್ಲದ ಪ್ರಿಂಟರ್ ಆದರೆ ನಾನಂತೂ ಸುಮ್ನೆ ಕೊಟ್ಟರೂ ಒಲ್ಲೆ.

ಇನ್ನು ಸಂಪರ್ಕ ಸರಿಯಿದ್ದೂ ಲೇಬಲ್ ಬರದೆ, ಅದರ ಬದಲು ಅರ್ಥವಿಲ್ಲದ ಅಕ್ಷರ, ಚಿಹ್ನೆಗಳ ಸಾಲು ಸಾಲು ಬಂದರೆ ಕೇಬಲ್ ಬದಲಿಸಲು ಹೋಗಬೇಡಿ. ಸಾಫ್ಟ್‌ವೇರ್ ಒಂದು ಭಾಷೆಯಲ್ಲಿ ಹೇಳುತ್ತಿದೆ, ಪ್ರಿಂಟರ್‌ಗೆ ಇನ್ನೊಂದು ಭಾಷೆ ಗೊತ್ತು. ಜೆಡ್‌ಪಿಎಲ್ ಕಳಿಸುವ ಸಾಫ್ಟ್‌ವೇರ್‌ಗೆ ಜೆಡ್‌ಪಿಎಲ್ ತಿಳಿಯುವ ಪ್ರಿಂಟರೇ ಬೇಕು.

ನನ್ನ ಕೋರಿಕೆ ಇಷ್ಟು. ನಿಮ್ಮ ಪತ್ರಿಕೆಯಲ್ಲಿ ಮುಂದೆ ಇಂಥ ಬರಹ ಬಂದಾಗ ಪ್ರತಿ ಮಾಡೆಲ್‌ನ ಮುಂದೆ ಡಿಪಿಐ ಪಕ್ಕದಲ್ಲೇ ಸಂಪರ್ಕದ ವಿವರವನ್ನೂ ಹಾಕಿಸಿ. ವೈ-ಫೈ ಅಂದರೆ ಯಾವ ಬ್ಯಾಂಡ್, ಯಾವ ಸುರಕ್ಷೆ. ಬ್ಲೂಟೂತ್ ಅಂದರೆ ಕ್ಲಾಸಿಕ್ಕೋ ಲೋ ಎನರ್ಜಿಯೋ. ಈಥರ್ನೆಟ್ ಪೋರ್ಟ್ ಪ್ರಿಂಟರ್ ಜೊತೆಗೇ ಬರುತ್ತದೋ, ಆಮೇಲೆ ಬೇರೆ ಕಾರ್ಡ್ ಕೊಂಡು ಹಾಕಿಸಬೇಕೋ. ಈ ಕೊನೆಯದನ್ನು ಮಾರುವವರು ಹೇಳುವುದೇ ಇಲ್ಲ. ಒಂದೇ ಹೆಸರಿನ ಮಾಡೆಲ್, ಕೊನೆಯ ಒಂದೆರಡು ಅಕ್ಷರ ಮಾತ್ರ ಬೇರೆ, ಅದರಲ್ಲಿ ಒಂದಕ್ಕೆ ಪೋರ್ಟ್ ಇರುತ್ತದೆ, ಇನ್ನೊಂದಕ್ಕೆ ಆ ಜಾಗದಲ್ಲಿ ಪ್ಲಾಸ್ಟಿಕ್ ಮುಚ್ಚಳ. ಕೊಳ್ಳುವವರು ಡಬ್ಬ ತೆರೆಯುವ ಮೊದಲು ಪೂರ್ತಿ ಮಾಡೆಲ್ ನಂಬರ್ ಓದಿ, ಪ್ರಿಂಟರ್‌ನ ಹಿಂಭಾಗದ ಫೋಟೊ ಕೇಳಿ ತರಿಸಿಕೊಂಡು ನೋಡಲಿ. ಮುಂಭಾಗದ ಫೋಟೊ ಎಲ್ಲ ಕಡೆಯೂ ಸಿಗುತ್ತದೆ.

ಇಂತಿ,
ನಿಮ್ಮ ಓದುಗ